ಉಗಿ ಪೈಪಿಗೆ ವಾಟ: ತೀರ್ಥಹಳ್ಳಿ ಜಗುಲಿಯಲ್ಲಿ ಕೂತು ಅಳಿಯನಿಗೆ ಹೇಳಿಕೊಟ್ಟಿದ್ದು

ಹೋದ ಜನವರಿಯ ಒಂದು ಸಂಜೆ. ಅಂಗಳದಲ್ಲಿ ಹರವಿದ್ದ ಅಡಿಕೆಯನ್ನು ರಾಶಿ ಮಾಡಿ, ಜಗುಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದೆ. ಮಗಳ ಫೋನ್ ಬಂತು. ಅವಳಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಊರಿನಲ್ಲಿ. ಚಳಿಗಾಲದಲ್ಲಿ ನಮಗೆ ಸಂಜೆ ನಾಲ್ಕೂವರೆ ಎಂದರೆ ಅವರಿಗೆ ಬೆಳಗಿನ ಆರು ಗಂಟೆ.

"ಅಪ್ಪಯ್ಯ, ಸ್ವಲ್ಪ ಇದನ್ನ ಕೇಳು" ಎಂದು ಫೋನನ್ನು ಗೋಡೆಯ ಕಡೆ ಹಿಡಿದಳು. ಟಣ್, ಟಣ್, ಢಮ್. ಯಾರೋ ದೊಡ್ಡ ಸುತ್ತಿಗೆಯಲ್ಲಿ ಪೈಪಿಗೆ ಬಡಿದ ಹಾಗೆ. ಹಿಂದಿನಿಂದ ಮೊಮ್ಮಗು ಅಳುತ್ತಿತ್ತು.

"ಎಂತ ಮಾರಾಯ್ತಿ ಅದು?"

"ಮನೆ ಬಿಸಿ ಮಾಡೋ ಪೈಪು. ದಿನಾ ಬೆಳಿಗ್ಗೆ ಇದೇ ಗಲಾಟೆ."

ಆ ಸದ್ದಿಗೂ ನನಗೂ ಹಳೆಯ ಪರಿಚಯ. ಭತ್ತ ಬೇಯಿಸುವ ಅಕ್ಕಿ ಗಿರಣಿಯೊಂದರಲ್ಲಿ 26 ವರ್ಷ ಬಾಯ್ಲರ್ ನೋಡಿಕೊಂಡವನು ನಾನು. ಬೆಳಗಿನ ಮೊದಲ ಉಗಿ ಬಿಡುವಾಗ ಆತುರ ಮಾಡಿದರೆ ಲೈನು ಹೀಗೇ ಬಡಿಯುತ್ತದೆ. ಒಮ್ಮೆ ಹೊಸ ಹುಡುಗನೊಬ್ಬ ವಾಲ್ವನ್ನು ಒಂದೇ ಸಲ ಪೂರ್ತಿ ತಿರುಗಿಸಿಬಿಟ್ಟ. ಪೈಪು ತಿರುಗುವ ಕೊನೆಯ ಮೂಲೆ, ಎಲ್ಬೋ, ಸೀಳಿ, ಉಗಿ ನೀರು ಎರಡೂ ಹೋಗಿ ಎದುರಿನ ಗೋಡೆಗೆ ಹೊಡೆದವು. ಅಲ್ಲಿ ಯಾರೂ ನಿಂತಿರಲಿಲ್ಲ, ನಮ್ಮ ಪುಣ್ಯ.

"ಪೈಪಲ್ಲಿ ನೀರು ನಿಂತಿದೆ" ಎಂದೆ. ಅಷ್ಟು ಸರಿಯಾಗಿಯೇ ಹೇಳಿದ್ದೆ. ಅದರ ಮುಂದೆ ಹೇಳಿದ್ದು ತಪ್ಪಾಯಿತು. ಅದನ್ನೂ ಬರೆಯುತ್ತೇನೆ, ಯಾಕೆಂದರೆ ಉಗಿಯ ಕೆಲಸ ಗೊತ್ತಿರುವವರೇ ಆ ತಪ್ಪು ಮಾಡುವುದು.

ನಮ್ಮ ಕಡೆಯ ಮಕ್ಕಳು ಈಗ ಅಂಥ ಹಳೆಯ ಮನೆಗಳಲ್ಲಿ ತುಂಬ ಜನ ಇದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ಇದು. ನಾನು ಅಮೆರಿಕ ನೋಡಿಲ್ಲ. ಆ ಮನೆಯ ಬೇಸ್‌ಮೆಂಟ್ ನೋಡಿದ್ದು ಅಳಿಯಂದಿರ ಫೋನಿನ ಕಣ್ಣಲ್ಲಿ. ಕೈ ಅವರದು, ಬಾಯಿ ನನ್ನದು.

ಮೊದಲು ಇದು ಎಂಥ ಏರ್ಪಾಡು ಎಂದು ತಿಳಿಯಬೇಕು

ಬೇಸ್‌ಮೆಂಟಿನಲ್ಲಿ ಬಾಯ್ಲರ್ ಇರುತ್ತದೆ. ಗ್ಯಾಸ್ ಇಲ್ಲವೇ ಎಣ್ಣೆಯ ಉರಿ. ಅದರಿಂದ ಹೊರಟ ಉಗಿ, ಬೇಸ್‌ಮೆಂಟಿನ ಸೂರಿಗೆ ನೇತು ಹಾಕಿದ ದಪ್ಪ ಪೈಪಿನಲ್ಲಿ ಮನೆಯುದ್ದಕ್ಕೂ ಹೋಗುತ್ತದೆ. ಇದಕ್ಕೆ ಮೇನ್ ಎನ್ನುತ್ತಾರೆ. ಮೇನ್‌ನಿಂದ ಒಂದೊಂದು ಕೋಣೆಗೆ ಒಂದೊಂದು ಅಡ್ಡ ಕವಲು, ಅಲ್ಲಿಂದ ಮೇಲಕ್ಕೆ ಹೋಗುವ ನೆಟ್ಟನೆಯ ಪೈಪು, ತುದಿಯಲ್ಲಿ ಎರಕದ ಕಬ್ಬಿಣದ ರೇಡಿಯೇಟರ್. ಪಂಪು ಎಲ್ಲೂ ಇಲ್ಲ. ಉಗಿ ತನ್ನ ಒತ್ತಡದಲ್ಲಿ ಹೋಗುತ್ತದೆ, ನೀರು ತನ್ನ ಭಾರದಲ್ಲಿ ಬರುತ್ತದೆ.

ಒತ್ತಡ ಎಂದರೂ ಎಷ್ಟು? ನಮ್ಮ ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆಯುವಾಗ ಒಳಗೆ ಸುಮಾರು 15 ಪಿಎಸ್‌ಐ, ಎಂದರೆ ಚದರ ಇಂಚಿಗೆ 15 ಪೌಂಡ್ ಒತ್ತಡ ಇರುತ್ತದೆ. ಮನೆ ಕಾಯಿಸುವ ಉಗಿ 2 ಪಿಎಸ್‌ಐ ಒಳಗೇ ಇರಬೇಕು. ಕಡುಬು ಬೇಯುವಾಗ ಮುಚ್ಚಳದ ಸಂದಿಯಿಂದ ಬರುವ ಹಬೆಗಿಂತ ಸ್ವಲ್ಪ ಜೋರು, ಅಷ್ಟೇ. ಗಿರಣಿಯಲ್ಲಿ ಚದರ ಸೆಂಟಿಮೀಟರ್‌ಗೆ ನಾಲ್ಕೈದು ಕೆಜಿ ಒತ್ತಡದ ಜೊತೆ ಬದುಕಿದ ನನಗೆ ಇದನ್ನು ಕೇಳಿ ನಗು ಬಂತು. ಆಮೇಲೆ ಗೊತ್ತಾಯಿತು, ಒತ್ತಡ ಕಡಿಮೆ ಇದ್ದಷ್ಟೂ ವಾಟದ, ಎಂದರೆ ಇಳಿಜಾರಿನ, ಲೆಕ್ಕ ಬಿಗಿ. ಇಷ್ಟು ಮೆದು ಉಗಿಯನ್ನು ನಂಬಿ ನೀರು ತಳ್ಳಿಸುವ ಹಾಗಿಲ್ಲ. ನೀರಿಗೆ ಇಳಿಜಾರೇ ಗತಿ.

ಒಂದು ಲೀಟರ್ ನೀರು ಕುದಿದರೆ ಸುಮಾರು 1,700 ಲೀಟರ್ ಉಗಿಯಾಗುತ್ತದೆ. ಆ ಉಗಿ ತಣ್ಣಗಿನ ರೇಡಿಯೇಟರ್ ಮುಟ್ಟಿದ ಕೂಡಲೇ ತನ್ನ ಶಾಖ ಬಿಟ್ಟುಕೊಟ್ಟು ಮತ್ತೆ ನೀರಾಗುತ್ತದೆ. ಕೋಣೆ ಬಿಸಿಯಾಗುವುದು ಆ ಶಾಖದಿಂದಲೇ. ಈಗ ಈ ನೀರು ಬಾಯ್ಲರ್‌ಗೆ ವಾಪಸ್ ಹೋಗಬೇಕಲ್ಲ? ಎಷ್ಟೋ ಹಳೆಯ ಮನೆಗಳಲ್ಲಿ ಅದಕ್ಕೆ ಬೇರೆ ದಾರಿ ಇಲ್ಲ. ಉಗಿ ಬಂದ ಪೈಪಿನಲ್ಲೇ ಅದು ವಾಪಸ್ ಇಳಿಯಬೇಕು. ಮೇಲೆ ಉಗಿ ಒಳಗೆ ಹೋಗುತ್ತಿರುತ್ತದೆ, ಅಡಿಯಲ್ಲಿ ನೀರು ಹೊರಗೆ ಬರುತ್ತಿರುತ್ತದೆ. ಆಗುಂಬೆ ಘಾಟಿಯಲ್ಲಿ ಹತ್ತುವ ಗಾಡಿಯೂ ಇಳಿಯುವ ಗಾಡಿಯೂ ಅದೇ ಕಿರಿದಾದ ರಸ್ತೆಯಲ್ಲಿ ಹೋದ ಹಾಗೆ. ಎರಡೂ ಓಡುತ್ತಿದ್ದರೆ ತೊಂದರೆ ಇಲ್ಲ. ತಿರುವಿನಲ್ಲಿ ಒಬ್ಬ ನಿಂತುಕೊಂಡನೋ, ಮುಗಿಯಿತು.

ಪೈಪಿನಲ್ಲಿ ನೀರು ಎಲ್ಲಾದರೂ ನಿಂತರೂ ಕಥೆ ಅದೇ. ಅದರ ಮೇಲೆ ಉಗಿ ಜೋರಾಗಿ ಬೀಸಿ ಅಲೆ ಎಬ್ಬಿಸುತ್ತದೆ. ಅಲೆ ಎದ್ದು ಪೈಪಿನ ಬಾಯಿ ತುಂಬಿದರೆ ಅದೊಂದು ನೀರಿನ ಗುಂಡು. ಹಿಂದಿನ ಉಗಿ ಅದನ್ನು ತಳ್ಳಿಕೊಂಡು ಹೋಗಿ ಮುಂದಿನ ಎಲ್ಬೋಗೆ ಅಪ್ಪಳಿಸುತ್ತದೆ. ಇನ್ನೊಂದು ರೀತಿಯೂ ಇದೆ. ರಾತ್ರಿಯೆಲ್ಲ ನಿಂತು ತಣ್ಣಗಾದ ನೀರಿಗೆ ಉಗಿ ತಾಗಿ ಗಕ್ಕನೆ ನೀರಾದರೆ, 1,700 ಪಾಲಿನ ಜಾಗ ಒಂದು ಪಾಲಿಗೆ ಕುಗ್ಗುತ್ತದೆ. ಆ ಖಾಲಿಗೆ ಸುತ್ತಲಿನ ನೀರು ನುಗ್ಗಿ ಒಂದಕ್ಕೊಂದು ಬಡಿಯುತ್ತದೆ. ಮಗಳು ಕೇಳಿಸಿದ್ದು ಈ ಸದ್ದು.

ನನ್ನ ತಪ್ಪು

ಗಿರಣಿಯಲ್ಲಿ ನಮ್ಮ ಕಾಯಿದೆ ಒಂದೇ. ಉಗಿ ಹೋಗುವ ದಿಕ್ಕಿಗೇ ವಾಟ. ನೀರು ಉಗಿಯ ಜೊತೆಗೇ ಹೋಗಿ ತುದಿಯಲ್ಲಿ ಉಗಿ ತಡೆದು ನೀರು ಮಾತ್ರ ಹೊರಬಿಡುವ ಸ್ಟೀಮ್ ಟ್ರ್ಯಾಪ್‌ನಲ್ಲಿ ಬೀಳುತ್ತದೆ. ಅದೇ ತಲೆಯಲ್ಲಿ ಅಳಿಯಂದಿರಿಗೆ ಹೇಳಿದೆ: "ರೇಡಿಯೇಟರ್‌ನ ವಾಲ್ವ್ ಕಡೆ ಸ್ವಲ್ಪ ಎತ್ತರಿಸಿ, ಆಚೆ ತುದಿ ತಗ್ಗಿಗೆ ಇರಲಿ."

ಅವರು ಪಾಪ, ಮಾವ ಹೇಳಿದ್ದಾರೆ ಎಂದು ಹಾಗೇ ಮಾಡಿದರು. ಮರುದಿನ ಬೆಳಿಗ್ಗೆ ಆಚೆ ತುದಿಯಲ್ಲಿದ್ದ ಗಾಳಿ ಬಿಡುವ ಚಿಕ್ಕ ವೆಂಟ್‌ನಿಂದ ಕಂದು ನೀರು ಚಿಮ್ಮಿ ಮರದ ನೆಲದ ಮೇಲೆಲ್ಲ ಆಯಿತು. ಸದ್ದು ಮೊದಲಿಗಿಂತ ಜಾಸ್ತಿ. ರೇಡಿಯೇಟರ್ ಅರ್ಧ ಮಾತ್ರ ಬಿಸಿ. "ಮಾವ, ಇಲ್ಲಿ ಆ ಕಡೆ ಪೈಪೇ ಇಲ್ಲ, ನೀರು ಹೋಗೋದೆಲ್ಲಿಗೆ?" ಎಂದು ಕೇಳಿದಾಗ ನಾನು ಲೋಟ ಕೆಳಗಿಟ್ಟೆ. ಒಂದೇ ಪೈಪಿನ ರೇಡಿಯೇಟರ್ ಎಂದು ಕೇಳದೇ ಉಪದೇಶ ಮಾಡಿದ್ದೆ.

ಆದ್ದರಿಂದ ಪೈಪು ಮುಟ್ಟುವ ಮೊದಲು ರೇಡಿಯೇಟರ್‌ಗೆ ಎಷ್ಟು ಪೈಪು ಬಂದಿದೆ ಎಂದು ನೋಡಿ. ಒಂದೇ ಬಂದಿದ್ದರೆ ರೇಡಿಯೇಟರ್ ಆ ಪೈಪಿನ ಕಡೆಗೇ, ಎಂದರೆ ವಾಲ್ವ್ ಕಡೆಗೇ ತಗ್ಗಬೇಕು. ಒಂದು ತುದಿಯಲ್ಲಿ ಉಗಿ ಬಂದು, ಇನ್ನೊಂದು ತುದಿಯಲ್ಲಿ ಟ್ರ್ಯಾಪ್ ಇದ್ದು ಎರಡನೇ ಪೈಪು ಹೊರಟಿದ್ದರೆ ಆ ಟ್ರ್ಯಾಪ್ ಕಡೆಗೆ ತಗ್ಗಬೇಕು. ಅಲ್ಲಿ ನನ್ನ ಗಿರಣಿ ಬುದ್ಧಿ ಸರಿ.

ಎಷ್ಟು ವಾಟ, ಎತ್ತ ವಾಟ

ಬಚ್ಚಲಿಗೆ ನೆಲ ಹಾಕುವಾಗ ಗಾರೆಯವರು "ವಾಟ ಇಷ್ಟು ಸಾಕಾ" ಎಂದು ಒಂದು ಚೊಂಬು ನೀರು ಸುರಿದು ತೋರಿಸುತ್ತಾರಲ್ಲ, ಇಲ್ಲಿ ಆ ಭಾಗ್ಯ ಇಲ್ಲ. ಪೈಪಿನ ಒಳಗೆ ಕಾಣಿಸುವುದಿಲ್ಲ. ಲೆಕ್ಕವನ್ನೇ ನಂಬಬೇಕು. ಆ ದೇಶದ ಲೆಕ್ಕ ಅಡಿ, ಇಂಚಿನಲ್ಲಿದೆ. ನಮ್ಮ ಬಡಗಿಗಳದ್ದೂ ಅದೇ ತಾನೆ.

ಮೇನ್‌ನಲ್ಲಿ ಎರಡು ಜಾತಿ. ಹೆಚ್ಚು ಮನೆಗಳಲ್ಲಿ ಬಾಯ್ಲರ್ ಮೇಲೆ ಪೈಪು ನೆಟ್ಟಗೆ ಎದ್ದು, ಅಲ್ಲೇ ಅತಿ ಎತ್ತರದಲ್ಲಿದ್ದು, ಅಲ್ಲಿಂದ ಬೇಸ್‌ಮೆಂಟ್ ಸುತ್ತುತ್ತಾ ನಿಧಾನ ಇಳಿಯುತ್ತಾ ಹೋಗುತ್ತದೆ. ಉಗಿಯೂ ನೀರೂ ಒಂದೇ ದಿಕ್ಕು. ಕೊನೆಯಲ್ಲಿ ನೀರು ಕೆಳಗಿಳಿದು ಬಾಯ್ಲರ್ ಬುಡಕ್ಕೆ ಸೇರುತ್ತದೆ. ಇದಕ್ಕೆ 20 ಅಡಿಗೆ 1 ಇಂಚು ವಾಟ ಸಾಕು. ಉಗಿ ಮೇಲಕ್ಕೆ ಹೋಗುವ ವಸ್ತು, ಅದನ್ನು ಇಳಿಜಾರಿನಲ್ಲಿ ಕಳಿಸುವುದೇ ಎಂದು ಅಳಿಯಂದಿರಿಗೆ ಅನುಮಾನ. ಉಗಿಗೆ ಈ ಒಂದಿಂಚು ಯಾವ ಲೆಕ್ಕಕ್ಕೂ ಇಲ್ಲ. ಲೆಕ್ಕ ಇರುವುದು ನೀರಿಗೆ.

ಇನ್ನೊಂದು ಜಾತಿಯಲ್ಲಿ ಮೇನ್ ಬಾಯ್ಲರ್‌ನಿಂದ ದೂರ ಹೋದಂತೆ ಏರುತ್ತದೆ. ನೀರು ಉಗಿಗೆ ಎದುರಾಗಿ ಬಾಯ್ಲರ್ ಕಡೆ ಹರಿದು ಬರಬೇಕು. ಎದುರು ಗಾಳಿಗೆ ಸೈಕಲ್ ಹೊಡೆದ ಹಾಗೆ. ಅದಕ್ಕೆ ಇಮ್ಮಡಿ ವಾಟ, 10 ಅಡಿಗೆ 1 ಇಂಚು. ಪೈಪೂ ದಪ್ಪ ಇರಬೇಕು.

ಮೇನ್‌ನಿಂದ ಕೋಣೆಯ ಕಡೆ ಹೊರಟ ಅಡ್ಡ ಕವಲುಗಳು ಎಲ್ಲಕ್ಕಿಂತ ಸೂಕ್ಷ್ಮ. ಪೈಪು ಸಣ್ಣದು, ಉಗಿ ಎದುರಿನಿಂದ, ನೀರು ಅದರ ಹೊಟ್ಟೆಯ ಅಡಿಯಿಂದ. ಇವು ಮೇನ್ ಕಡೆಗೆ ಅಡಿಗೊಂದಕ್ಕೆ ಅರ್ಧ ಇಂಚು ಇಳಿಯಬೇಕು. ಹೌದು, ಒಂದೊಂದು ಅಡಿಗೂ ಅರ್ಧ ಇಂಚು. ಮೇನ್‌ನ ಹತ್ತು ಪಟ್ಟು. ಕವಲು 8 ಅಡಿಗಿಂತ ಉದ್ದ ಇದ್ದರೆ, ಇಲ್ಲವೇ ಜಾಗ ಸಾಲದೆ ಅಷ್ಟು ವಾಟ ಕೊಡಲು ಆಗದಿದ್ದರೆ, ಒಂದು ಸೈಜ್ ದೊಡ್ಡ ಪೈಪು ಹಾಕುವುದು ವಾಡಿಕೆ. ದೊಡ್ಡ ಪೈಪಿನಲ್ಲಿ ಉಗಿ ಮೆಲ್ಲಗೆ ಹೋಗುತ್ತದೆ, ನೀರಿಗೆ ದಾರಿ ಬಿಡುತ್ತದೆ.

ವಾಪಸ್ ನೀರಿನ ಪೈಪು ಬಾಯ್ಲರ್‌ನ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಅದಕ್ಕೂ 20 ಅಡಿಗೆ 1 ಇಂಚು, ಬಾಯ್ಲರ್ ಕಡೆಗೆ. ನೆಲದ ಮೇಲೆ, ನೀರಿನ ಮಟ್ಟಕ್ಕಿಂತ ಕೆಳಗಿರುವ ಪೈಪು ಯಾವಾಗಲೂ ತುಂಬಿಯೇ ಇರುತ್ತದೆ. ಅದರ ವಾಟದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅದರ ರೋಗ ಕೆಸರು.

ಇನ್ನೊಂದು ಅಳತೆ. ಒಂದೇ ಪೈಪಿನ ಮನೆಯಲ್ಲಿ ಮೇನ್‌ನ ಅತಿ ತಗ್ಗಿನ ತುದಿ ಬಾಯ್ಲರ್‌ನ ನೀರಿನ ಮಟ್ಟಕ್ಕಿಂತ ಕಡಿಮೆ ಎಂದರೂ 28 ಇಂಚು ಮೇಲಿರಬೇಕು. ತುದಿ ಮುಟ್ಟುವಷ್ಟರಲ್ಲಿ ಉಗಿಯ ಒತ್ತಡ ಸ್ವಲ್ಪ ಇಳಿದಿರುತ್ತದೆ. ಬಾಯ್ಲರ್‌ನ ಒತ್ತಡದ ಎದುರು ನೀರು ಒಳಗೆ ನುಗ್ಗಬೇಕಾದರೆ ಅದು ಆ ಕೊನೆಯ ಪೈಪಿನಲ್ಲಿ ಸ್ವಲ್ಪ ಎತ್ತರ ನಿಂತು ಭಾರ ಕೊಡಬೇಕು. ನಿಲ್ಲಲು ಜಾಗ ಇಲ್ಲದಿದ್ದರೆ ನೀರು ಮೇನ್ ಒಳಗೇ ಏರುತ್ತದೆ. ಆಗ ನೀವು ಎಷ್ಟು ವಾಟ ಕೊಟ್ಟರೂ ವ್ಯರ್ಥ.

ಅಳೆಯುವುದು

ಮೊದಲೇ ಹೇಳಿಬಿಡುತ್ತೇನೆ. ಬಾಯ್ಲರ್ ಆರಿಸಿ, ಪೈಪು ಪೂರ್ತಿ ತಣ್ಣಗಾದ ಮೇಲೆ ಮಾತ್ರ ಕೈ ಹಾಕಬೇಕು. ಹಳೆಯ ಪೈಪಿನ ಮೇಲೆ ಬಿಳಿ ಅಥವಾ ಬೂದು ಬಣ್ಣದ, ಮುರಿದ ಕೈಗೆ ಕಟ್ಟುವ ಪಟ್ಟಿಯ ಹಾಗೆ ಹೊದಿಕೆ ಸುತ್ತಿದ್ದರೆ ಅದು ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಕೀಳಬೇಡಿ, ಕೆರೆಯಬೇಡಿ, ಬಡಿಯಬೇಡಿ. ಅದರ ಪುಡಿ ಶ್ವಾಸಕೋಶಕ್ಕೆ ಹೋದರೆ ಕೆಟ್ಟದ್ದು. ಅದಕ್ಕೆಂದೇ ಪರವಾನಗಿ ಇರುವವರನ್ನು ಕರೆಯಿರಿ. ಅಳಿಯಂದಿರ ಮನೆಯಲ್ಲಿ ಹಿಂದಿನವರು ಅದನ್ನು ತೆಗೆಸಿ, ಪೈಪನ್ನು ಬರಿಮೈಯಲ್ಲೇ ಬಿಟ್ಟಿದ್ದರು. ಅದೂ ಒಂದು ತಪ್ಪೇ, ಮುಂದೆ ಬರುತ್ತದೆ.

ಚಿಕ್ಕ ಜಾಗಕ್ಕೆ ರಸಮಟ್ಟ ಸಾಕು. 2 ಅಡಿ ಉದ್ದದ್ದು ತೆಗೆದುಕೊಳ್ಳಿ. ಅದನ್ನು ಪೈಪಿನ ಮೇಲಿಟ್ಟು, ತಗ್ಗಿರಬೇಕಾದ ಕಡೆಯ ತುದಿಯ ಅಡಿಗೆ ಅಮೆರಿಕದ ಒಂದು ಸೆಂಟಿನ ನಾಣ್ಯ ಎರಡು ಇಡಿ. ಒಂದೊಂದು 1.52 ಮಿಲಿಮೀಟರ್ ದಪ್ಪ. ಆಗ ಗುಳ್ಳೆ ನಡುವೆ ನಿಂತರೆ 20 ಅಡಿಗೆ 1 ಇಂಚಿಗಿಂತ ಒಂದು ಕೂದಲು ಜಾಸ್ತಿ ವಾಟ ಇದೆ ಎಂದರ್ಥ. 25 ಸೆಂಟಿನ ನಾಣ್ಯ 1.75 ಮಿಲಿಮೀಟರ್. ಅಂಥ ಮೂರು ಇಟ್ಟರೆ 10 ಅಡಿಗೆ 1 ಇಂಚಿನ ಲೆಕ್ಕ. ಈ ನಾಣ್ಯದ ಉಪಾಯ ಮಗಳದ್ದು, ನನ್ನದಲ್ಲ. ಅಡ್ಡ ಕವಲಿಗೆ ನಾಣ್ಯ ಸಾಲದು. 2 ಅಡಿಗೆ 1 ಇಂಚು ಬೇಕು, ಒಂದು ಇಂಚಿನ ಮರದ ತುಂಡು ಇಡಿ.

ಉದ್ದದ ಮೇನ್‌ಗೆ ರಸಮಟ್ಟ ನಂಬಬೇಡಿ. ನಮ್ಮ ಗಾರೆಯವರು ಪಾಯಕ್ಕೆ ಹಿಡಿಯುವ ಲೆವೆಲ್ ಪೈಪೇ ಬೇಕು. ಪಾರದರ್ಶಕ ಸಣ್ಣ ಪ್ಲಾಸ್ಟಿಕ್ ಪೈಪಿಗೆ ನೀರು ತುಂಬಿ, ಎರಡೂ ಬಾಯಿ ತೆರೆದು ಹಿಡಿದರೆ ಎರಡು ಕಡೆಯೂ ನೀರು ಒಂದೇ ಮಟ್ಟ. ಇದಕ್ಕಿಂತ ಸಾಚಾ ಉಪಕರಣ ಇಲ್ಲ. ಅಳಿಯಂದಿರು ಹಾರ್ಡ್‌ವೇರ್ ಅಂಗಡಿಯಿಂದ 40 ಅಡಿ ತಂದರು. ಒಳಗೆ ಗಾಳಿಗುಳ್ಳೆ ಉಳಿಯಬಾರದು, ಉಳಿದರೆ ಮಟ್ಟ ಸುಳ್ಳು ಹೇಳುತ್ತದೆ. ನೀರು ಕಣ್ಣಿಗೆ ಕಾಣಲಿ ಎಂದು ಮಗಳು ಚಿಟಿಕೆ ಕುಂಕುಮ ಬೆರೆಸಿದಳು. ದೇವರ ಮನೆಯದ್ದು ತೆಗೆದಳು ಎಂದು ನನ್ನ ಹೆಂಡತಿ ಈಗಲೂ ಬೈಯುತ್ತಾಳೆ.

ಬೇಸ್‌ಮೆಂಟಿನ ಕಂಬ, ಗೋಡೆಗಳ ಮೇಲೆ ಎಲ್ಲ ಕಡೆ ಆ ಮಟ್ಟದ ಗುರುತು ಹಾಕಿಕೊಳ್ಳಿ. ಪೈಪನ್ನು ಸೂರಿಗೆ ನೇತುಹಾಕಿದ ಪ್ರತಿ ಹ್ಯಾಂಗರ್‌ನ ಹತ್ತಿರ ಗುರುತಿನಿಂದ ಪೈಪಿನ ತಳಕ್ಕೆ ಎಷ್ಟು ಎತ್ತರ ಎಂದು ಅಳೆದು ಬರೆಯಿರಿ. ನೆಲದಿಂದ ಅಳೆಯಬೇಡಿ. ನೂರು ವರ್ಷದ ಮನೆಯ ನೆಲ, ಸೂರು ಎರಡೂ ಸೊಟ್ಟಗಾಗಿರುತ್ತವೆ. ಪೈಪಿನ ಮೇಲ್ಮೈಯಿಂದಲೂ ಬೇಡ. ನೀರು ಹರಿಯುವುದು ಅಡಿಯಲ್ಲಿ.

ನಮಗೆ ಸಿಕ್ಕ ಲೆಕ್ಕ ಹೀಗಿತ್ತು. ಮೇನ್ 32 ಅಡಿ ಉದ್ದ, ಬಾಯ್ಲರ್ ತುದಿಯಿಂದ ಕೊನೆಗೆ 2 ಇಂಚು ಇಳಿದಿತ್ತು. ಬೇಕಾದದ್ದು 1.6 ಇಂಚು. "ಸರಿಯಾಗಿದೆಯಲ್ಲ ಮಾವ" ಎಂದರು. ನಾನು ನಡುವಿನ ಅಂಕಿ ಕೇಳಿದೆ. 18 ಅಡಿಯ ಹತ್ತಿರ ಅದು ಆಗಲೇ ಎರಡೂಕಾಲು ಇಂಚು ಇಳಿದಿತ್ತು. ಕೊನೆಗಿಂತ ನಡುವೆಯೇ ಕಾಲಿಂಚು ತಗ್ಗು! ನೀರು ಅಲ್ಲಿಗೆ ಬಂದು ಕೂತು, ಮುಂದೆ ಏರಲಾರದೆ ರಾತ್ರಿಯೆಲ್ಲ ತಣ್ಣಗಾಗುತ್ತಿತ್ತು.

ಇದು ನನಗೆ ಎಂಟನೇ ವಯಸ್ಸಿನಿಂದ ಗೊತ್ತಿರುವ ರೋಗ. ನಮ್ಮ ಹಳೆಯ ಮನೆಗೆ ಗುಡ್ಡದ ಅಬ್ಬಿಯಿಂದ ನೀರು ಬರುತ್ತಿದ್ದದ್ದು ಅಡಿಕೆ ಮರದ ದಂಬೆಯಲ್ಲಿ. ಮರ ಸೀಳಿ, ತಿರುಳು ಕೆತ್ತಿ, ಕವೆಗೋಲುಗಳ ಮೇಲೆ ಒಂದರ ಬಾಯಿಗೆ ಇನ್ನೊಂದು ಕೂರಿಸಿಕೊಂಡು ತರುತ್ತಿದ್ದರು. ಮಳೆಗಾಲದಲ್ಲಿ ಒಂದು ಕವೆಗೋಲು ಕೆಸರಿನಲ್ಲಿ ನಾಲ್ಕು ಬೆರಳು ಇಳಿದರೆ ಸಾಕು. ತುದಿ ಎರಡೂ ಸರಿಯಾಗೇ ಇದ್ದರೂ ನಡುವೆ ಹೊಟ್ಟೆ ಬಿದ್ದು ನೀರೆಲ್ಲ ಅಲ್ಲೇ ಸೋರಿ, ಬಚ್ಚಲ ಹಂಡೆಗೆ ಹನಿಯೂ ಬರುತ್ತಿರಲಿಲ್ಲ. ಅಜ್ಜ ನನ್ನನ್ನು ಓಡಿಸುತ್ತಿದ್ದದ್ದು ತುದಿ ನೋಡಲಿಕ್ಕಲ್ಲ, "ಕವೆಗೋಲು ಎಣಿಸಿಕೊಂಡು ಹೋಗು" ಎನ್ನುತ್ತಿದ್ದ. ನಾನು ಅಳಿಯಂದಿರಿಗೆ ಅದನ್ನೇ ಹೇಳಿದೆ. ಎಣಿಸಿದರು. 16ನೇ ಅಡಿಯ ಹ್ಯಾಂಗರೇ ಇರಲಿಲ್ಲ. ಬಟ್ಟೆ ಒಗೆಯುವ ಯಂತ್ರಕ್ಕೆ ಪೈಪು ಎಳೆದವರು ಯಾರೋ ಅಡ್ಡ ಬಂತೆಂದು ಬಿಚ್ಚಿ, ಹಾಗೇ ಬಿಟ್ಟು ಹೋಗಿದ್ದರು. ಸೂರಿನಲ್ಲಿ ಎರಡು ಮೊಳೆ ತೂತು ಮಾತ್ರ ಉಳಿದಿತ್ತು.

ಎತ್ತುವುದು

ಥ್ರೆಡ್ ಇರುವ ಸರಳು, ಪೈಪು ಹಿಡಿಯುವ ಬಳೆ ಇರುವ ಹ್ಯಾಂಗರ್ ತನ್ನಿ. ನಟ್ ತಿರುಗಿಸಿದರೆ ಪೈಪು ಏರುತ್ತದೆ. ತಂತಿ, ತಗಡಿನ ಪಟ್ಟಿ ಬೇಡ. ಸರಳು ಸೂರಿನ ತೊಲೆಗೆ ಕಚ್ಚಬೇಕು, ಹಲಗೆಗಲ್ಲ. ಮೇನ್ ಎಂದರೆ ಕಬ್ಬಿಣದ ರಾಶಿ, ಭಾರ ಜಾಸ್ತಿ.

ಒಂದೇ ಕಡೆ ಒಂದೇ ಸಲ ಎತ್ತಿದಿರೋ ಹಳೆಯ ಜಾಯಿಂಟ್ ಬಿರುಕು ಬಿಡುತ್ತದೆ. ಆ ಥ್ರೆಡ್‌ಗಳು ನಿಮ್ಮ ಅಜ್ಜನ ಕಾಲದವು, ಫಿಟ್ಟಿಂಗ್‌ಗಳು ಎರಕದವು, ಬಗ್ಗುವುದಿಲ್ಲ, ಒಡೆಯುತ್ತವೆ. ಅರ್ಧ ಸುತ್ತು ಇಲ್ಲಿ, ಕಾಲು ಸುತ್ತು ಅಕ್ಕಪಕ್ಕದವಕ್ಕೆ, ಮತ್ತೆ ಇಲ್ಲಿ. ಪ್ರತಿ ಸಲ ಮಟ್ಟ ನೋಡಬೇಕು. ನಮಗೆ 18ನೇ ಅಡಿಯಲ್ಲಿ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ಎತ್ತಬೇಕಿತ್ತು. ಎರಡು ಶನಿವಾರ ತೆಗೆದುಕೊಂಡೆವು. ಮೇನ್ ಎತ್ತಿದರೆ ಅದಕ್ಕೆ ಅಂಟಿದ ಕವಲುಗಳ ವಾಟ ಕಡಿಮೆಯಾಗುತ್ತದೆ ಎಂಬುದು ನೆನಪಿರಲಿ. ಪ್ರತಿ ಕವಲನ್ನೂ ಮತ್ತೆ ಅಳೆಯಿರಿ.

ಬಳೆಯನ್ನು ಬಿಗಿಯಾಗಿ ಹಿಸುಕಬೇಡಿ. ಉಗಿ ಬಂದಾಗ ಪೈಪು ಉದ್ದವಾಗುತ್ತದೆ. 30 ಅಡಿಗೆ ಒಂದು ಸೆಂಟಿಮೀಟರ್‌ಗೆ ಹತ್ತಿರ. ಅದಕ್ಕೆ ಜಾರಲು ಜಾಗ ಬೇಕು. ಇಲ್ಲದಿದ್ದರೆ ಟಿಕ್ ಟಿಕ್ ಎಂದು ಮರಕ್ಕೆ ಉಜ್ಜುವ ಸದ್ದು ಬರುತ್ತದೆ. ಅದು ಸುತ್ತಿಗೆ ಸದ್ದಲ್ಲ. ಕೆಲವರು ಅದಕ್ಕೂ ಹೆದರಿ ಪೈಪು ಬಿಚ್ಚುತ್ತಾರೆ, ಸುಮ್ನೆ.

ದಪ್ಪ ಪೈಪು ಸಣ್ಣದಾಗುವ ಜಾಗವನ್ನೂ ನೋಡಿ. ನಡುವಿಗೆ ನಡು ಹೊಂದಿಸಿದ ರೆಡ್ಯೂಸರ್ ಹಾಕಿದ್ದರೆ, ಅದರ ಅಡಿಯಲ್ಲಿ ಒಂದು ಹೊಸ್ತಿಲು ಏಳುತ್ತದೆ. ವಾಟ ಎಷ್ಟೇ ಇರಲಿ, ಹೊಸ್ತಿಲಿನ ಹಿಂದೆ ನೀರು ನಿಂತೇ ನಿಲ್ಲುತ್ತದೆ. ದಂಬೆ ಜೋಡಿಸುವಾಗ ಮೇಲಿನದರ ಬಾಯಿ ಕೆಳಗಿನದರ ಒಳಗೆ ಕೂರಬೇಕು, ತಿರುಗಿಸಿ ಇಟ್ಟರೆ ಏನಾಗುತ್ತದೆ ಎಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಉಗಿ ಲೈನಿಗೆ ಅಡಿ ಸಮ ಇರುವ, ಒಂದು ಕಡೆ ವಾಲಿದ ರೆಡ್ಯೂಸರ್ ಸಿಗುತ್ತದೆ. ಅದನ್ನೇ ಹಾಕಿಸಿ.

ಇನ್ನು ಬರಿಮೈ ಪೈಪು. ಹೊದಿಕೆ ಇಲ್ಲದ ಮೇನ್‌ನಲ್ಲಿ ಉಗಿ ಕೋಣೆ ಮುಟ್ಟುವ ಮೊದಲೇ ಬೇಸ್‌ಮೆಂಟಿನ ಚಳಿಗೆ ನೀರಾಗುತ್ತದೆ. ಹರಿಯಬೇಕಾದ ನೀರೇ ಜಾಸ್ತಿಯಾಗುತ್ತದೆ. ವಾಟ ಸರಿ ಮಾಡಿದ ಮೇಲೆ ಒಂದು ಇಂಚು ದಪ್ಪದ ಫೈಬರ್‌ಗ್ಲಾಸ್ ಹೊದಿಕೆ ಹಾಕಿಸಿದೆ. ಮೊದಲು ವಾಟ, ಆಮೇಲೆ ಕಂಬಳಿ.

ರೇಡಿಯೇಟರ್

ಇದು ಸುಲಭದ ಭಾಗ, ಆದರೆ ಬೆನ್ನು ಮುರಿಯುವುದೂ ಇಲ್ಲೇ. ದೊಡ್ಡ ರೇಡಿಯೇಟರ್ ಒಂದು ಕ್ವಿಂಟಲ್ ಮೇಲೆ ತೂಗಬಹುದು. ಕೈಯಲ್ಲಿ ಎತ್ತಬೇಡಿ. ಗಟ್ಟಿ ಹಲಗೆಯನ್ನು ಮೀಟುಗೋಲಿನ ಹಾಗೆ ಕೊಟ್ಟು ವೆಂಟ್ ಇರುವ ತುದಿಯನ್ನು ಒಬ್ಬರು ಮೀಟಬೇಕು, ಇನ್ನೊಬ್ಬರು ಎರಡೂ ಕಾಲಿನ ಅಡಿಗೆ ತೆಳು ಚೂರು ತಳ್ಳಬೇಕು. ಇಡೀ ಉದ್ದಕ್ಕೆ ಕಾಲಿಂಚು ವಾಟ ಧಾರಾಳ. ಹೆಚ್ಚು ಎತ್ತಿದರೆ ವಾಲ್ವ್‌ನ ಹತ್ತಿರದ ಜಾಯಿಂಟ್ ತಿರುಚಿಕೊಂಡು ಸೋರಲು ಶುರುವಾಗುತ್ತದೆ. ನನ್ನ ಮಾತು ಕೇಳಿ ವಾಲ್ವ್ ಕಡೆ ಇಟ್ಟಿದ್ದ ಮರದ ಚೂರುಗಳನ್ನೇ ಅಳಿಯಂದಿರು ಆಚೆ ತುದಿಗೆ ಬದಲಿಸಿದರು. ಒಂದು ಮಾತೂ ಆಡಲಿಲ್ಲ, ಒಳ್ಳೆಯ ಮನುಷ್ಯ.

ಒಂದೇ ಪೈಪಿನ ರೇಡಿಯೇಟರ್‌ನ ವಾಲ್ವ್ ಒಂದೋ ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಸೆಖೆ ಎಂದು ಮಗಳು ರಾತ್ರಿ ಅರ್ಧ ಮುಚ್ಚುತ್ತಿದ್ದಳು. ಅರ್ಧ ಬಾಗಿಲಲ್ಲಿ ಉಗಿ ನುಗ್ಗುತ್ತದೆ, ನೀರಿಗೆ ಹೊರಬರಲು ಎಡೆ ಇಲ್ಲ. ಮಲಗುವ ಕೋಣೆಯ ಅರ್ಧ ಸದ್ದಿಗೆ ಇದೇ ಕಾರಣವಾಗಿತ್ತು. ಶಾಖ ಕಡಿಮೆ ಬೇಕಿದ್ದರೆ ನಿಧಾನ ಗಾಳಿ ಬಿಡುವ ವೆಂಟ್ ಹಾಕಿ.

ಕೆಲವು ಕಡೆ ಮನೆ ಕುಸಿದು ರೇಡಿಯೇಟರ್ ಪೂರ್ತಿಯಾಗೇ ತಗ್ಗಿರುತ್ತದೆ. ಆಗ ನೆಲದಡಿಯ ಕವಲಿನ ವಾಟ ಸತ್ತಿರುತ್ತದೆ. ನಾಲ್ಕೂ ಕಾಲಿಗೆ ಚೂರು ಕೊಟ್ಟು ವಾಲ್ವ್ ಸಮೇತ ಅರ್ಧ ಇಂಚು ಎತ್ತಿದರೆ ಕವಲೂ ಸ್ವಲ್ಪ ಏರುತ್ತದೆ. ಪೈಪು ಬಳುಕುವಷ್ಟೇ ಎತ್ತಿ. ಅಡ್ಡಿ ಮಾಡಿದರೆ ನಿಲ್ಲಿಸಿ.

ಸದ್ದು ಬಾಯ್ಲರ್ ಹೊತ್ತಿದ ಸ್ವಲ್ಪ ಹೊತ್ತಿಗೇ ಬಂದರೆ ಈ ಹೇಳಿದ್ದೆಲ್ಲ ಹುಡುಕಿ. ಬೇರೆ ಹೊತ್ತಿನಲ್ಲಿ ಬಂದರೆ ಬಾಯ್ಲರ್ ಕಡೆ ತಿರುಗಿ. ನೀರಿನ ಮಟ್ಟ ಜಾಸ್ತಿಯೋ, ನೀರಿನಲ್ಲಿ ಎಣ್ಣೆ ಕೊಳೆಯೋ, ಒತ್ತಡ ಯಾರಾದರೂ ಏರಿಸಿದ್ದಾರೋ. ಕೋಣೆ ಬಿಸಿಯಾಗುತ್ತಿಲ್ಲ ಎಂದು ಒತ್ತಡ ಏರಿಸುವುದು ಅತಿ ದೊಡ್ಡ ದಡ್ಡತನ. ಗ್ಯಾಸು, ಉರಿ, ಸೇಫ್ಟಿ ವಾಲ್ವ್ ಇವಕ್ಕೆ ಮಾತ್ರ ನೀವು ಕೈ ಹಾಕಬೇಡಿ. ಅದಕ್ಕೆ ಅಲ್ಲಿಯ ಲೈಸೆನ್ಸ್ ಇರುವವರೇ ಬರಲಿ.

ಮಾರ್ಚ್ ಮೊದಲ ವಾರ ಮಗಳು ಮತ್ತೆ ಅದೇ ಹೊತ್ತಿಗೆ ಫೋನ್ ಮಾಡಿ ಗೋಡೆಯ ಕಡೆ ಹಿಡಿದಳು. ವೆಂಟ್ ಸುಯ್ ಎನ್ನುವುದು ಬಿಟ್ಟರೆ ಬೇರೆ ಸದ್ದಿಲ್ಲ. ಐದು ನಿಮಿಷ ಇಬ್ಬರೂ ಮಾತಾಡದೆ ಕೇಳಿದೆವು. ಆಮೇಲೆ ದೂರದಲ್ಲೆಲ್ಲೋ ಒಂದೇ ಒಂದು ಸಲ, ಟಣ್.

ಅದು ಮಹಡಿಯ ಬಚ್ಚಲಿನ ರೇಡಿಯೇಟರ್. ಅದರ ಕವಲು ಎರಡು ತೊಲೆಗಳ ನಡುವೆ ಮರದ ನೆಲದೊಳಗೆ ಮಲಗಿದೆ. ಎಷ್ಟು ಉದ್ದ, ಎತ್ತ ವಾಲಿದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಹಲಗೆ ಕೀಳಲೇಬೇಕು. ಚಳಿ ಮುಗಿದು ಬಾಯ್ಲರ್ ಆರಿಸಿದ ಮೇಲೆ ನೋಡೋಣ ಎಂದಿದ್ದೇನೆ. ಅಲ್ಲಿಯವರೆಗೆ ಅದರ ವಾಲ್ವ್ ಪೂರ್ತಿ ಮುಚ್ಚಿಡಲು ಹೇಳಿದ್ದೇನೆ. ಅಳಿಯಂದಿರು ಬಚ್ಚಲಿಗೆ ಕಾಲಿಡುವಾಗ ಉಣ್ಣೆ ಕಾಲುಚೀಲ ಹಾಕಿಕೊಳ್ಳುತ್ತಾರಂತೆ.